ಐದಾರು ಸಾಲಿನ ಚರಿತ್ರೆ

ನಾರ್ತ್ ಕ್ಯಾರೊಲೈನಾದ ರಸ್ತೆಗಳಲ್ಲಿ ಓಡಾಡುವವರಿಗೆ ಬೆಳ್ಳಿಬಣ್ಣದ ಆ ಫಲಕಗಳು ಮತ್ತೆ ಮತ್ತೆ ಎದುರಾಗುತ್ತವೆ. ಒಂಟಿ ಕಂಬ, ಅದರ ಮೇಲೆ ಅಲ್ಯುಮಿನಿಯಂ ಎರಕದ ಹಲಗೆ, ನೆತ್ತಿಯಲ್ಲಿ ರಾಜ್ಯದ ಮುದ್ರೆ, ಕೆಳಗೆ ಕಪ್ಪು ಅಕ್ಷರಗಳಲ್ಲಿ ಐದಾರು ಸಾಲು. ಯಾರೋ ಇಲ್ಲಿ ಹುಟ್ಟಿದರು, ಯಾವುದೋ ದಂಡು ಈ ದಾರಿಯಲ್ಲಿ ಹಾದುಹೋಯಿತು, ಯಾವುದೋ ಶಾಲೆ ಇಲ್ಲಿ ನಡೆಯುತ್ತಿತ್ತು. ಅಷ್ಟನ್ನು ಹೇಳಿ ಫಲಕ ಮಾತು ಮುಗಿಸುತ್ತದೆ. ಈ ಯೋಜನೆಗೆ ರಾಜ್ಯದ ಶಾಸನಸಭೆ ಒಪ್ಪಿಗೆ ಕೊಟ್ಟದ್ದು 1935ರಲ್ಲಿ. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲೊಬ್ಬರಾದ ಜಾನ್ ಪೆನ್ ಅವರ ಹೆಸರಿನಲ್ಲಿ ಸ್ಟೋವಾಲ್ ಎಂಬ ಊರಿನಲ್ಲಿ ಮೊದಲ ಫಲಕ ನಿಂತದ್ದು 1936ರಲ್ಲಿ. ಈಗ ರಾಜ್ಯದಾದ್ಯಂತ 1,600ಕ್ಕೂ ಹೆಚ್ಚು ಫಲಕಗಳಿವೆ. ಯಾವ ವಿಷಯಕ್ಕೆ ಫಲಕ ಸಲ್ಲಬೇಕು ಎಂದು ತೀರ್ಮಾನಿಸಲು ಕಾಲೇಜು, ವಿಶ್ವವಿದ್ಯಾಲಯಗಳ ಇತಿಹಾಸಕಾರರ ಸಮಿತಿಯೊಂದಿದೆ. ಕಾರಿನಲ್ಲಿ ಹೋಗುವವರು ಓದಬೇಕಾದ ಬರಹವಾದ್ದರಿಂದ ಪ್ರತಿ ಪದವನ್ನೂ ತೂಗಿ ಹಾಕುತ್ತಾರೆ. ಹಾಗೆ ತೂಗುವಾಗ ಏನನ್ನು ಒಳಗಿಟ್ಟರು, ಏನನ್ನು ಹೊರಗೆ ಬಿಟ್ಟರು ಎಂಬ ಕುತೂಹಲವೇ ನನ್ನನ್ನು ಆಶ್‌ವಿಲ್‌ಗೆ ಕರೆದೊಯ್ದಿತು.

ಆಶ್‌ವಿಲ್ ಈ ರಾಜ್ಯದ ಪಶ್ಚಿಮ ಭಾಗದ ಬೆಟ್ಟದೂರು. ಬ್ಲೂ ರಿಜ್ ಗಿರಿಶ್ರೇಣಿಯ ನಡುವೆ, ಸುಮಾರು 2,100 ಅಡಿ ಎತ್ತರದಲ್ಲಿ, ಫ್ರೆಂಚ್ ಬ್ರಾಡ್ ಮತ್ತು ಸ್ವಾನನೋವ ನದಿಗಳು ಸೇರುವೆಡೆ ಹರಡಿಕೊಂಡಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಕ್ಷಯರೋಗಿಗಳು ಒಳ್ಳೆಯ ಗಾಳಿ ಅರಸಿ ಬರುತ್ತಿದ್ದ ಊರು ಇದು. ಜಾರ್ಜ್ ವ್ಯಾಂಡರ್‌ಬಿಲ್ಟ್ 250 ಕೋಣೆಗಳ ಬಿಲ್ಟ್‌ಮೋರ್ ಮಹಲನ್ನು ಕಟ್ಟಿಸಿ 1895ರಲ್ಲಿ ಗೃಹಪ್ರವೇಶ ಮಾಡಿದ್ದೂ ಇಲ್ಲೇ. ನಾನು ಹೋದದ್ದು ಹೆಲೀನ್ ಚಂಡಮಾರುತ ಬಂದುಹೋದ ಮರುವರ್ಷ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಫ್ರೆಂಚ್ ಬ್ರಾಡ್ ಉಕ್ಕಿ, 1916ರ ಮಹಾಪೂರದ ಮಟ್ಟವನ್ನೂ ದಾಟಿ, ದಂಡೆಯ ಕಲಾವಿದರ ಬಡಾವಣೆಯನ್ನು ಮುಳುಗಿಸಿತ್ತು. ವಾರಗಟ್ಟಲೆ ನಲ್ಲಿಗಳಲ್ಲಿ ಕುಡಿಯುವ ನೀರು ಬಂದಿರಲಿಲ್ಲ. ಷಾರ್ಲೆಟ್‌ನಲ್ಲಿ ಕೆಲಸದಲ್ಲಿರುವ ನಮ್ಮಣ್ಣನ ಮಗಳು ಕಾರು ಓಡಿಸಿಕೊಂಡು ಜೊತೆಗೆ ಬಂದಿದ್ದಳು. ಆ ರಾಜ್ಯದಲ್ಲಿ ವರ್ಷಗಳಿಂದ ಇದ್ದರೂ ಫಲಕಗಳನ್ನು ಅವಳು ನಿಂತು ಓದಿದವಳಲ್ಲ. "ಎಪ್ಪತ್ತು ಮೈಲಿ ವೇಗದಲ್ಲಿ ಹೋಗೋವಾಗ ಯಾರು ಓದ್ತಾರೆ ಚಿಕ್ಕಪ್ಪ?" ಎಂದಳು. ಊರೊಳಗೆ ಕಾಲ್ನಡಿಗೆಯಲ್ಲೇ ಓದೋಣ ಎಂದು ಕಾರು ನಿಲ್ಲಿಸಿದೆವು.

ಊರಿನ ನಡುವಿನ ಪ್ಯಾಕ್ ಚೌಕದಲ್ಲಿ ಕಂಚಿನ ಹಂದಿಗಳೂ ಟರ್ಕಿ ಕೋಳಿಗಳೂ ಸಾಲಾಗಿ ನಡೆಯುತ್ತಿವೆ. ಮಕ್ಕಳು ಅವುಗಳ ಬೆನ್ನೇರಿ ಕೂರುತ್ತಾರೆ. 1828ರಲ್ಲಿ ಸಿದ್ಧವಾದ ಬಂಕಂಬ್ ಟರ್ನ್‌ಪೈಕ್ ಎಂಬ ಸುಂಕದ ರಸ್ತೆಯ ನೆನಪಿಗೆ ಈ ಶಿಲ್ಪಗಳನ್ನು ಇಟ್ಟಿದ್ದಾರೆ. ಟೆನೆಸ್ಸಿಯಿಂದ ಸೌತ್ ಕ್ಯಾರೊಲೈನಾದ ಮಾರುಕಟ್ಟೆಗಳವರೆಗೆ ಹಂದಿ, ದನ, ಟರ್ಕಿಗಳ ಹಿಂಡನ್ನು ಈ ದಾರಿಯಲ್ಲಿ ನಡೆಸಿಕೊಂಡೇ ಒಯ್ಯುತ್ತಿದ್ದರು. ರಾತ್ರಿ ತಂಗಲು ದಾರಿಯುದ್ದಕ್ಕೂ ಛತ್ರಗಳಂಥ ಬಿಡಾರಗಳು ಎದ್ದವು. ಸುತ್ತಲಿನ ರೈತರು ಆ ಹಿಂಡುಗಳಿಗಾಗಿ ಮೆಕ್ಕೆಜೋಳ ಬೆಳೆದು ಮಾರಿದರು. ಗುಡ್ಡಗಾಡಿನ ಒಂದು ಹಳ್ಳಿ ಪಟ್ಟಣವಾಗಿ ಬೆಳೆದದ್ದು ಆ ಗೊರಸುಗಳ ಧೂಳಿನಲ್ಲಿ. ಟರ್ನ್‌ಪೈಕ್‌ಗೆ ರಾಜ್ಯದ ಬೆಳ್ಳಿ ಫಲಕವೂ ಇದೆ.

ಅದೇ ಚೌಕದಲ್ಲಿ ಇನ್ನೊಂದು ಗುರುತಿತ್ತು. ಜೆಬುಲನ್ ವ್ಯಾನ್ಸ್ ಈ ಸೀಮೆಯಲ್ಲೇ 1830ರಲ್ಲಿ ಹುಟ್ಟಿ, ಅಂತರ್ಯುದ್ಧದ ಕಾಲದಲ್ಲಿ ದಕ್ಷಿಣದ ಒಕ್ಕೂಟದ ಪಾಳೆಯದಲ್ಲಿದ್ದ ಈ ರಾಜ್ಯದ ಗವರ್ನರ್ ಆದವರು, ಮುಂದೆ ಸೆನೆಟರ್ ಆದವರು. ಗುಲಾಮರನ್ನು ಇಟ್ಟುಕೊಂಡಿದ್ದ ಮನೆತನ ಅವರದು. ಅವರ ನೆನಪಿಗೆ ಅರವತ್ತು ಅಡಿಗೂ ಮಿಗಿಲಾದ ಕಲ್ಲಿನ ಸ್ತಂಭವನ್ನು 1890ರ ದಶಕದ ಕೊನೆಯಲ್ಲಿ ಇಲ್ಲಿ ನಿಲ್ಲಿಸಿದ್ದರು. ಒಂದು ಶತಮಾನಕ್ಕೂ ಹೆಚ್ಚು ಕಾಲ ಆ ಸ್ತಂಭವೇ ಊರಿನ ಮುಖಮುದ್ರೆಯಾಗಿತ್ತು. 2020ರಲ್ಲಿ ಅಮೆರಿಕದ ಬೀದಿಗಳಲ್ಲಿ ವರ್ಣಭೇದದ ವಿರುದ್ಧ ಜನ ಎದ್ದು ನಿಂತ ಮೇಲೆ ನಗರ ಅದನ್ನು ಇಳಿಸಲು ತೀರ್ಮಾನಿಸಿತು. 2021ರಲ್ಲಿ ಕಲ್ಲುಗಳನ್ನು ಬಿಚ್ಚತೊಡಗಿದರು. ವ್ಯಾಜ್ಯ ನ್ಯಾಯಾಲಯಕ್ಕೆ ಹೋಗಿ ಬುಡದ ಕಲ್ಲುಗಳು ವರ್ಷಗಟ್ಟಲೆ ಹಾಗೇ ಉಳಿದವು. 2024ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ನಗರದ ಪರವಾಗಿ ತೀರ್ಪು ಕೊಟ್ಟ ಮೇಲೆ ಅವನ್ನೂ ತೆಗೆದರು. ನಾವು ನೋಡುವ ಹೊತ್ತಿಗೆ ಅಲ್ಲಿ ಬಯಲು. ಆ ಬಯಲಿನ ಸುತ್ತ ಜನ ಕೂತು ಕಾಫಿ ಕುಡಿಯುತ್ತಿದ್ದರು.

ಸ್ತಂಭವನ್ನು ಇಳಿಸಿದ್ದು ಸರಿಯೇ ಎಂದು ನನ್ನ ಜೊತೆಗಾತಿ ಕೇಳಿದಳು. ಸರಿ ಎಂದೇ ನನಗೆ ತೋರುತ್ತದೆ. ನ್ಯಾಯಾಲಯದ ಕಟ್ಟೆಯೂ ಸಂತೆಯೂ ಇದ್ದ ಈ ಚೌಕದಲ್ಲಿ ಒಂದು ಕಾಲಕ್ಕೆ ಮನುಷ್ಯರನ್ನೂ ಹರಾಜು ಹಾಕಿದ್ದಾರೆ. ಅಂಥ ನೆಲದ ಮೇಲಿನ ಅತ್ಯಂತ ಎತ್ತರದ ಕಲ್ಲು ಯಾರ ಹೆಸರು ಹೊರಬೇಕು ಎನ್ನುವುದು ಆ ನೆಲದಲ್ಲಿ ಈಗ ಬದುಕುತ್ತಿರುವವರ ಹಕ್ಕು. ಆದರೆ ಕಲ್ಲು ಇಳಿದ ಮಾತ್ರಕ್ಕೆ ಲೆಕ್ಕ ಚುಕ್ತಾ ಆಗುವುದಿಲ್ಲ. ಮಾರಾಟವಾದವರು ಯಾರು ಎಂಬುದು ಬಯಲಿನಿಂದಲೂ ತಿಳಿಯುವುದಿಲ್ಲ. ಅದಕ್ಕೆ ಉತ್ತರ ಬಂಕಂಬ್ ಕೌಂಟಿಯ ನೋಂದಣಿ ಕಚೇರಿಯಲ್ಲಿದೆ. ಗುಲಾಮರನ್ನು ಆಸ್ತಿಯಂತೆ ಕೊಂಡ, ಮಾರಿದ, ಅಡವಿಟ್ಟ ಪತ್ರಗಳು ಅಲ್ಲಿನ ಹಳೆಯ ಸಂಪುಟಗಳಲ್ಲಿ ಜಮೀನಿನ ಕ್ರಯಪತ್ರಗಳ ಜೊತೆಗೇ ದಾಖಲಾಗಿದ್ದವು. ಅವನ್ನು ಹುಡುಕಿ ತೆಗೆದು ಎಲ್ಲರಿಗೂ ಸಿಗುವಂತೆ ಅಂತರ್ಜಾಲಕ್ಕೆ ಏರಿಸಿದ ಮೊದಲ ಕೌಂಟಿಗಳಲ್ಲಿ ಇದೂ ಒಂದು. ಒಬ್ಬ ತಾಯಿ, ಒಂದು ಮಗು, ಒಂದು ಬೆಲೆ. ಮಾಲೀಕನ ಹಕ್ಕನ್ನು ಕಾಯಲು ಬರೆದಿಟ್ಟ ಕಾಗದವೇ ಇಂದು ಮರಿಮಕ್ಕಳಿಗೆ ತಮ್ಮ ಹಿರಿಯರ ಹೆಸರು ತಿಳಿಸಿಕೊಡುತ್ತಿದೆ.

ಚೌಕದ ಸುತ್ತಮುತ್ತಲ ರಸ್ತೆಗಳಲ್ಲಿ ಇಬ್ಬರು ಹೆಂಗಸರ ಫಲಕಗಳಿವೆ. ಎರಡರ ಮುಂದೆಯೂ ನಾನು ಬಹಳ ಹೊತ್ತು ನಿಂತೆ. ಮೊದಲನೆಯದು ಎಲಿಜಬೆತ್ ಬ್ಲ್ಯಾಕ್‌ವೆಲ್ ಅವರದು. ಗುಲಾಮಗಿರಿಯನ್ನು ವಿರೋಧಿಸುತ್ತಿದ್ದ ಇಂಗ್ಲಿಷ್ ಕುಟುಂಬದ ಈ ಮಗಳು 1845ರಲ್ಲಿ, ಇಪ್ಪತ್ತನಾಲ್ಕರ ಪ್ರಾಯದಲ್ಲಿ, ಸಂಗೀತ ಕಲಿಸಲು ಆಶ್‌ವಿಲ್‌ಗೆ ಬಂದರು. ಕೆಲಸ ಕೊಟ್ಟ ಪಾದ್ರಿ ಜಾನ್ ಡಿಕ್ಸನ್ ಹಿಂದೆ ವೈದ್ಯರಾಗಿದ್ದವರು. ಅವರ ಮನೆಯ ವೈದ್ಯಕೀಯ ಪುಸ್ತಕಗಳನ್ನು ಬ್ಲ್ಯಾಕ್‌ವೆಲ್ ಓದತೊಡಗಿದ್ದು ಈ ಊರಿನಲ್ಲಿ. ಆಮೇಲೆ ಕಾಲೇಜಿನ ಮೇಲೆ ಕಾಲೇಜು ಬಾಗಿಲು ಮುಚ್ಚಿದರೂ ಛಲ ಬಿಡದೆ, 1849ರಲ್ಲಿ ನ್ಯೂಯಾರ್ಕ್ ರಾಜ್ಯದ ಜಿನೀವ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದು, ಅಮೆರಿಕದಲ್ಲಿ ವೈದ್ಯ ಪದವಿ ಪಡೆದ ಮೊದಲ ಮಹಿಳೆಯಾದರು. ಓದು ಶುರುವಾದ ಜಾಗಕ್ಕೂ ಫಲಕ ಹಾಕಬಹುದು ಎಂದು ಯಾರಿಗೋ ಹೊಳೆದದ್ದು ನನಗೆ ಬಹಳ ಹಿಡಿಸಿತು. ಸಾಧನೆ ಕೈಗೂಡಿದ ಜಾಗಕ್ಕೆ ಎಲ್ಲ ಊರಿನವರೂ ಹೂವೇರಿಸುತ್ತಾರೆ. ಆಸೆ ಮೊಳೆತ ಜಾಗವನ್ನು ನೆನೆಯುವವರು ಕಡಿಮೆ.

ಎರಡನೆಯದು ಲಿಲಿಯನ್ ಎಕ್ಸಮ್ ಕ್ಲೆಮೆಂಟ್ ಅವರದು. ಹಗಲು ದುಡಿದು, ಬಿಡುವಿನಲ್ಲಿ ಕಾನೂನು ಓದಿ ವಕೀಲರಾದ ಹೆಣ್ಣುಮಗಳು. 1920ರ ಪಕ್ಷದೊಳಗಿನ ಚುನಾವಣೆಯಲ್ಲಿ ಇಬ್ಬರು ಗಂಡಸರನ್ನು ಸೋಲಿಸಿ ಅಭ್ಯರ್ಥಿಯಾದರು. ಆಗ ಹೆಂಗಸರಿಗೆ ಮತದ ಹಕ್ಕೇ ಬಂದಿರಲಿಲ್ಲ; ಅವರನ್ನು ಆರಿಸಿದ್ದು ಗಂಡಸರ ಮತ. ಆಗಸ್ಟ್‌ನಲ್ಲಿ ದೇಶಕ್ಕೆಲ್ಲ ಆ ಹಕ್ಕು ಬಂತು, ನವೆಂಬರ್‌ನಲ್ಲಿ ಕ್ಲೆಮೆಂಟ್ 10,368 ಮತ ಪಡೆದರು. ಎದುರಾಳಿಗೆ ಬಿದ್ದದ್ದು 41. ದಕ್ಷಿಣದ ರಾಜ್ಯಗಳ ಶಾಸನಸಭೆಗೆ ಆರಿಸಿಬಂದ ಮೊದಲ ಮಹಿಳೆ ಅವರು. ಗುಪ್ತ ಮತದಾನಕ್ಕಾಗಿ, ಕ್ಷಯ ಹರಡದಂತೆ ಹಾಲಿನ ಹಸುಗಳ ತಪಾಸಣೆಗಾಗಿ ಮಸೂದೆ ತಂದರು. ಒಂದೇ ಅವಧಿ ಸದಸ್ಯರಾಗಿದ್ದು 1925ರಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು. ಅಂಥವರನ್ನು ಶಾಸನಸಭೆಗೆ ಕಳಿಸಿದ ಇದೇ ನಾರ್ತ್ ಕ್ಯಾರೊಲೈನಾ, ಮಹಿಳೆಯರ ಮತದ ಹಕ್ಕಿನ ತಿದ್ದುಪಡಿಗೆ ತಾನು ಅಂಗೀಕಾರ ಕೊಟ್ಟದ್ದು 1971ರಲ್ಲಿ. "ಐವತ್ತು ವರ್ಷ ಆದ್ಮೇಲಾ!" ಎಂದು ನನ್ನ ಮಗಳಂಥವಳು ಫಲಕವನ್ನು ಮತ್ತೊಮ್ಮೆ ಓದಿದಳು. ಅಲ್ಲಿಂದ ಮುಂದೆ ಫಲಕ ಕಂಡಲ್ಲೆಲ್ಲ ಅವಳೇ ಮೊದಲು ನಿಲ್ಲುತ್ತಿದ್ದಳು.

ಆಶ್‌ವಿಲ್‌ನ ಅತ್ಯಂತ ಪ್ರಸಿದ್ಧ ಮಗ ಕಾದಂಬರಿಕಾರ ಥಾಮಸ್ ವುಲ್ಫ್. 1900ರಲ್ಲಿ ಹುಟ್ಟಿದರು. ತಾಯಿ ನಡೆಸುತ್ತಿದ್ದ ವಸತಿಗೃಹ ಈಗ ಸ್ಮಾರಕ. 1998ರಲ್ಲಿ ಯಾರೋ ಹಚ್ಚಿದ ಬೆಂಕಿಯಲ್ಲಿ ಬೆಂದ ಆ ಮನೆಯನ್ನು ಜತನದಿಂದ ಮತ್ತೆ ಕಟ್ಟಿ 2004ರಲ್ಲಿ ತೆರೆದರು. 1929ರಲ್ಲಿ ಬಂದ 'ಲುಕ್ ಹೋಮ್‌ವರ್ಡ್, ಏಂಜೆಲ್' ಕಾದಂಬರಿಯಲ್ಲಿ ಊರಿನವರು ತಮ್ಮನ್ನೂ ನೆರೆಯವರನ್ನೂ ಗುರುತಿಸಿಕೊಂಡು ಸಿಟ್ಟಾದರು. ವುಲ್ಫ್ 1937ರವರೆಗೆ ಊರಿಗೆ ಕಾಲಿಡಲಿಲ್ಲ, ಮರುವರ್ಷವೇ ತೀರಿಕೊಂಡರು. ಅವರ ತಂದೆ ಗೋರಿಕಲ್ಲುಗಳ ಕುಶಲಕರ್ಮಿ. ಪ್ಯಾಕ್ ಚೌಕದಲ್ಲೇ ಅಂಗಡಿ. ಸತ್ತವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿ ಬದುಕಿದ ಅಪ್ಪ, ಬದುಕಿದ್ದವರ ಗುಟ್ಟನ್ನು ಪುಸ್ತಕದಲ್ಲಿ ಕೊರೆದ ಮಗ. ಅಪ್ಪ ಮಾರಿದ ಅಮೃತಶಿಲೆಯ ದೇವದೂತೆಯೊಂದು ಪಕ್ಕದ ಹೆಂಡರ್ಸನ್‌ವಿಲ್‌ನ ಸ್ಮಶಾನದಲ್ಲಿದೆ. ಕಾದಂಬರಿಯಿಂದಾಗಿ ಆ ವಿಗ್ರಹಕ್ಕೂ ರಾಜ್ಯ ಒಂದು ಫಲಕ ಹಾಕಿದೆ. ಒಂದು ಕಾಲಕ್ಕೆ ಊರು ಮುಖ ತಿರುಗಿಸಿದ ಪುಸ್ತಕ ಇಂದು ಊರಿನ ದಾರಿ ತೋರಿಸುತ್ತಿದೆ.

ವುಲ್ಫ್ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ 'ದಿ ಬ್ಲಾಕ್' ಎಂದು ಕರೆಯುವ ಈಗಲ್ ಮತ್ತು ಮಾರ್ಕೆಟ್ ಬೀದಿಗಳ ಮೂಲೆ. ಬಣ್ಣದ ಗೋಡೆ ಎತ್ತಿದ ಕಾಲದಲ್ಲಿ ಕಪ್ಪು ಜನರ ಅಂಗಡಿ, ಕಚೇರಿ, ಸಭೆ, ಸಂಗೀತ ಎಲ್ಲ ನಡೆಯುತ್ತಿದ್ದದ್ದು ಇಲ್ಲೇ. ಬಿಲ್ಟ್‌ಮೋರ್ ಮಹಲು ಕಟ್ಟಿದ ಕಪ್ಪು ಕೆಲಸಗಾರರಿಗಾಗಿ ವ್ಯಾಂಡರ್‌ಬಿಲ್ಟ್ ಹಣದಿಂದ 1893ರಲ್ಲಿ ಎದ್ದ ಯಂಗ್ ಮೆನ್ಸ್ ಇನ್‌ಸ್ಟಿಟ್ಯೂಟ್ ಕಟ್ಟಡ ಈಗಲೂ ನಿಂತಿದೆ. ಎದ್ದು ಕಾಣುವ ಇನ್ನೊಂದು ಕಟ್ಟಡ ಕೆಂಪು ಇಟ್ಟಿಗೆಯ ಮೌಂಟ್ ಜಯನ್ ಚರ್ಚ್. ಅದನ್ನು ಕಟ್ಟಿದವರು ಜೇಮ್ಸ್ ವೆಸ್ಟರ್ ಮಿಲ್ಲರ್. ಗುಲಾಮಗಿರಿಯಲ್ಲಿ ಹುಟ್ಟಿ, ಗಾರೆ ಕೆಲಸ ಕಲಿತು, ಊರಿನ ದೊಡ್ಡ ಗುತ್ತಿಗೆದಾರರಲ್ಲೊಬ್ಬರಾದರು. ಸೇಂಟ್ ಮಥಾಯಸ್ ಚರ್ಚು, 1920ರ ದಶಕದ ಮುನಿಸಿಪಲ್ ಕಟ್ಟಡ, ಇವೆಲ್ಲ ಅವರ ಕೈಯ ಇಟ್ಟಿಗೆ. ಬಿಲ್ಟ್‌ಮೋರ್ ನೋಡಲು ಬರುವವರಲ್ಲಿ ಎಷ್ಟು ಮಂದಿಗೆ ಮಿಲ್ಲರ್ ಹೆಸರು ಗೊತ್ತು? ನಾನು ಆ ಗೋಡೆಯ ಮೇಲೆ ಅಂಗೈಯಿಟ್ಟು ನೋಡಿದೆ. ನೂರು ವರ್ಷ ದಾಟಿದ ಸಾಲುಗಳು ಒಂದಿಷ್ಟೂ ಬಾಗಿಲ್ಲ.

ಅಲ್ಲಿಗೆ ಹತ್ತಿರದ ದಿಣ್ಣೆಯ ಮೇಲೆ 1923ರಲ್ಲಿ ಸ್ಟೀಫನ್ಸ್-ಲೀ ಹೈಸ್ಕೂಲ್ ಶುರುವಾಯಿತು. ಕಪ್ಪು ಮಕ್ಕಳಿಗಾಗಿ ಇದ್ದ ಶಾಲೆ. 1960ರಲ್ಲಿ ಅಲ್ಲಿನ ವಿದ್ಯಾರ್ಥಿಗಳೇ ಒಂದು ಸಮಿತಿ ಕಟ್ಟಿಕೊಂಡು, ಊರಿನ ಊಟದ ಕೌಂಟರುಗಳೂ ಗ್ರಂಥಾಲಯವೂ ಎಲ್ಲರಿಗೂ ತೆರೆಯಬೇಕೆಂದು ಹೋರಾಡಿದರು. ಶಾಲೆ 1965ರಲ್ಲಿ ಮುಚ್ಚಿತು. ಕಟ್ಟಡ ಕೆಡವಿದ ಮೇಲೆ ವ್ಯಾಯಾಮಶಾಲೆಯೊಂದೇ ಉಳಿದಿದೆ. ಅದರ ಸುತ್ತಲಿನ ಈಸ್ಟ್ ಎಂಡ್, ನದಿಯ ಕಡೆಗಿನ ಸೌತ್‌ಸೈಡ್ ಬಡಾವಣೆಗಳು ನಗರ ನವೀಕರಣದ ಹೆಸರಿನಲ್ಲಿ ನೆಲಸಮವಾದವು. ಸೌತ್‌ಸೈಡ್ ಒಂದರಲ್ಲೇ ಹೋದ ಮನೆಗಳು 1,100ಕ್ಕೂ ಹೆಚ್ಚು. 2020ರ ಜುಲೈನಲ್ಲಿ ನಗರಸಭೆ ಒಮ್ಮತದಿಂದ ಕ್ಷಮೆ ಕೇಳಿ, ಆದ ಹಾನಿಯನ್ನು ತುಂಬಿಕೊಡುವ ನಿರ್ಣಯ ಮಾಡಿತು. 2023ರ ಕೊನೆಗೆ ಈ ಬೀದಿಗಳಲ್ಲಿ ಕಪ್ಪು ಜನರ ಪರಂಪರೆಯ ಕಾಲುದಾರಿಯೊಂದು ತೆರೆಯಿತು. ಅದರ ಫಲಕಗಳು ರಾಜ್ಯದ ಫಲಕಗಳಂತಲ್ಲ. ನಡೆಯುವವರಿಗಾಗಿ ಬರೆದವು; ಫೋಟೋಗಳಿವೆ, ಮುಖಗಳಿವೆ, ಹೆಸರುಗಳಿವೆ, ನಿಧಾನವಾಗಿ ಓದುವಷ್ಟು ಮಾತಿದೆ.

ರಾಜ್ಯದ ಫಲಕಗಳ ಮಿತಿ ನನಗೆ ಅತ್ಯಂತ ಸ್ಪಷ್ಟವಾಗಿ ಕಂಡದ್ದು ಊರ ಹೊರಗೆ. 1776ರಲ್ಲಿ ಜನರಲ್ ಗ್ರಿಫಿತ್ ರುದರ್‌ಫರ್ಡ್ ಇಲ್ಲಿನ ಮೂಲನಿವಾಸಿಗಳಾದ ಚೆರೋಕಿ ಜನರ ಮೇಲೆ ದಂಡೆತ್ತಿ ಹೋದ ಹಾದಿಯುದ್ದಕ್ಕೂ ಒಂದೇ ಒಕ್ಕಣೆಯ ಫಲಕಗಳಿವೆ. ದಂಡು ಈ ಬಳಿ ಹಾದುಹೋಯಿತು ಎಂದಷ್ಟೇ ಅವು ಹೇಳುತ್ತವೆ. ಹೋದ ದಂಡು ಮೂವತ್ತಕ್ಕೂ ಹೆಚ್ಚು ಚೆರೋಕಿ ಊರುಗಳನ್ನು ಸುಟ್ಟು, ಚಳಿಗಾಲದ ಮುನ್ನ ಬೆಳೆ ನಾಶ ಮಾಡಿ ಬಂತು ಎಂಬುದು ಆ ಸಾಲುಗಳಲ್ಲಿಲ್ಲ. ಸುಟ್ಟ ಊರುಗಳಿಗೂ ಹೆಸರುಗಳಿದ್ದವು. ಆ ಊರುಗಳ ಜನರ ವಂಶದವರು ಇಲ್ಲಿಂದ ಪಶ್ಚಿಮಕ್ಕಿರುವ ಚೆರೋಕಿ ಪಟ್ಟಣದಲ್ಲಿ ಇಂದಿಗೂ ಇದ್ದಾರೆ. ಅಲ್ಲಿನ ಬೀದಿಯ ಹೆಸರುಗಳನ್ನು ಸೆಕೋಯಾ ರೂಪಿಸಿದ ಅವರದೇ ಲಿಪಿಯಲ್ಲೂ ಬರೆದಿರುತ್ತಾರೆ. ಒಂದು ದಂಡಿನ ದಾರಿಯನ್ನು ಫಲಕದ ಮೇಲೆ ಫಲಕ ಹಾಕಿ ಗುರುತಿಸುವ ನಾಡು, ಆ ದಾರಿ ಎಲ್ಲಿಗೆ ಹೋಗಿ ಮುಟ್ಟಿತು ಎಂಬುದನ್ನೂ ಅದೇ ಅಕ್ಷರಗಳಲ್ಲಿ ಹೇಳಬೇಕು.

ಹಿಂದಿರುಗುವಾಗ ಪೂರ್ವದ ಘಟ್ಟ ಇಳಿಯುವ ಮುನ್ನ ಸ್ವಾನನೋವ ಸುರಂಗದ ಫಲಕದ ಬಳಿ ನಿಂತೆವು. 1,800 ಅಡಿಗೂ ಉದ್ದದ ರೈಲು ಸುರಂಗ. 1877ರಿಂದ 1879ರವರೆಗೆ ಕೈದಿಗಳ ದುಡಿಮೆಯಿಂದ ಕೊರೆದದ್ದು ಎಂದು ಫಲಕ ಹೇಳುತ್ತದೆ. ಹೇಳಿರುವುದೇ ದೊಡ್ಡದು. ಆದರೆ ಆ ಕೈದಿಗಳು ಯಾರು? ಬಹುಪಾಲು ಕಪ್ಪು ಜನ. 1865ರ ಹದಿಮೂರನೆಯ ತಿದ್ದುಪಡಿ ಗುಲಾಮಗಿರಿಯನ್ನು ರದ್ದು ಮಾಡುವಾಗಲೇ, ಅಪರಾಧಕ್ಕೆ ಶಿಕ್ಷೆಯಾಗಿ ದುಡಿಸಿಕೊಳ್ಳುವುದನ್ನು ಹೊರತುಪಡಿಸಿತ್ತು. ಸಣ್ಣಪುಟ್ಟ ಕಳ್ಳತನದ ನೆಪದಲ್ಲಿ ಹಿಡಿದ ಜನರನ್ನು ದಕ್ಷಿಣದ ರಾಜ್ಯಗಳು ಆ ಸಂದಿಯೊಳಗಿಂದ ಮತ್ತೆ ಬಿಟ್ಟಿ ದುಡಿಮೆಗೆ ನೂಕಿದವು. ಸುರಂಗವನ್ನು ಎರಡೂ ಕಡೆಯಿಂದ ಕೊರೆಯಲೆಂದು ಈ ಕೈದಿಗಳು ಒಂದು ರೈಲು ಎಂಜಿನ್ನನ್ನೇ ಎತ್ತುಗಳ ಜೊತೆ ಸೇರಿ ಬೆಟ್ಟದ ಮೇಲೆ ಎಳೆದು ದಾಟಿಸಿದರು. ನೈಟ್ರೋಗ್ಲಿಸರಿನ್ ಸಿಡಿಸಿ ಬಂಡೆ ಒಡೆದರು. ಆ ಘಟ್ಟದ ಹಳಿಯ ಕೆಲಸದಲ್ಲಿ ನೂರಕ್ಕೂ ಹೆಚ್ಚು ಮಂದಿ ಸತ್ತರು. ಕೆಲಸ ಶುರುವಾದಾಗ ಗವರ್ನರ್ ಆಗಿದ್ದವರು ಅದೇ ವ್ಯಾನ್ಸ್. ಅವರಿಗೆ ಸ್ತಂಭ ಎದ್ದಿತು. ಸತ್ತ ಕೈದಿಗಳನ್ನು ಹಳಿಯ ಬದಿಯಲ್ಲೇ ಹೂಳಿದರು. ಸುತ್ತಿಗೆಯ ಪೆಟ್ಟಿಗೆ ಹೊಂದಿಸಿ ಅವರು ಹಾಡುತ್ತಿದ್ದ ಹಾಡು ಮಾತ್ರ 'ಸ್ವಾನನೋವ ಟನಲ್' ಎಂಬ ಹೆಸರಿನಿಂದ ಬೆಟ್ಟದ ಜನಪದ ಗಾಯಕರ ಬಾಯಲ್ಲಿ ಉಳಿಯಿತು. 2021ರಲ್ಲಿ ಕೆಳಗಿನ ಓಲ್ಡ್ ಫೋರ್ಟ್ ಊರಿನ ಬಳಿ ಅವರಿಗೊಂದು ಸ್ಮಾರಕ ಆಯಿತು. ಸರ್ಕಾರಿ ದಾಖಲೆಗಳಿಂದ ಸತ್ತವರ ಹೆಸರುಗಳನ್ನು ಒಂದೊಂದಾಗಿ ಹೆಕ್ಕಿ ತೆಗೆದರು.

ಊರು ಬಿಡುವ ಮುಂಚೆ ನೋಡಿದ ಒಂದು ಜಾಗವನ್ನು ಇಲ್ಲಿ ಹೇಳಬೇಕು. ಕೆನಿಲ್‌ವರ್ತ್ ಬಡಾವಣೆಯ ಚರ್ಚೊಂದರ ಹಿಂದೆ ಮರಗಳ ನಡುವೆ ಸೌತ್ ಆಶ್‌ವಿಲ್ ಸ್ಮಶಾನವಿದೆ. ಮೊದಲು ಗುಲಾಮರನ್ನು, ಆಮೇಲೆ ಅವರ ಮಕ್ಕಳು ಮೊಮ್ಮಕ್ಕಳನ್ನು 1943ರವರೆಗೆ ಹೂಳಿದ ನೆಲ. ಸುಮಾರು 2,000 ಜನ ಮಣ್ಣಾಗಿದ್ದಾರೆ. ಹೆಸರು ಕೆತ್ತಿದ ಕಲ್ಲುಗಳು ನೂರಕ್ಕೂ ಕಡಿಮೆ. ಮಿಕ್ಕವು ಹೊಲದಿಂದ ಆಯ್ದು ತಂದು ನೆಟ್ಟ ಒರಟು ಕಲ್ಲುಗಳು. ಈ ಸ್ಮಶಾನವನ್ನು ದಶಕಗಟ್ಟಲೆ ನೋಡಿಕೊಂಡವರು ಜಾರ್ಜ್ ಏವರಿ. ಗುಲಾಮರಾಗಿ ಹುಟ್ಟಿ, ಅಂತರ್ಯುದ್ಧದಲ್ಲಿ ಉತ್ತರದ ಸೇನೆ ಸೇರಿದ್ದವರು. ಯಾರು ಎಲ್ಲಿದ್ದಾರೆ ಎಂಬುದು ಅವರಿಗೆ ಬಾಯಿಪಾಠವಿತ್ತು, ಬರಹದಲ್ಲಿ ಇರಲಿಲ್ಲ. 1938ರಲ್ಲಿ ಅವರ ಜೊತೆಗೇ ಆ ಪಟ್ಟಿ ಹೋಯಿತು. ನಮ್ಮ ನಾಡಿನಲ್ಲಿ ತುರು ಕಾಯುತ್ತ ಸತ್ತ ಸಾಮಾನ್ಯನಿಗೂ ಊರವರು ವೀರಗಲ್ಲು ನಿಲ್ಲಿಸಿ ಹೆಸರು ಕೆತ್ತಿಸುತ್ತಿದ್ದರು. ಅಂಥ ಕಲ್ಲುಗಳನ್ನು ನೋಡುತ್ತ ಬೆಳೆದ ನನಗೆ ಅಕ್ಷರವಿಲ್ಲದ ಆ ಕಲ್ಲುಗಳ ಸಾಲು ಸಹಿಸಲಾಗದಷ್ಟು ಭಾರವಾಗಿತ್ತು.

ಈ ಸ್ಮಶಾನವನ್ನು ಸುರಂಗದ ಜೊತೆ ಇಟ್ಟು ನೋಡಿದರೆ ಫಲಕಗಳ ಬಗ್ಗೆ ನನಗೆ ಅನ್ನಿಸಿದ್ದು ಸ್ಪಷ್ಟವಾಗುತ್ತದೆ. ಏವರಿಯವರ ಕಲ್ಲುಗಳಿಗೆ ಹೆಸರು ಮರಳಿ ಕೊಡುವುದು ಬಹಳ ಕಷ್ಟ, ಬರೆದಿಟ್ಟವರೇ ಇಲ್ಲ. ಆದರೆ ಚೌಕದಲ್ಲಿ ಮಾರಾಟವಾದವರ, ಸುರಂಗದಲ್ಲಿ ಸತ್ತವರ ಹೆಸರುಗಳು ನೋಂದಣಿ ಕಚೇರಿಯಲ್ಲಿ, ಸರ್ಕಾರದ ಕಡತಗಳಲ್ಲಿ ಅಂದಿನಿಂದಲೂ ಇದ್ದವು. ಕೊಂಡವರಿಗೆ ಆ ಹೆಸರು ಬೇಕಿತ್ತು, ಶಿಕ್ಷಿಸಿದವರಿಗೆ ಬೇಕಿತ್ತು. ಬೀದಿಯಲ್ಲಿ ನಿಲ್ಲಿಸಿ ಗೌರವಿಸುವವರು ಬರಲು ನೂರೈವತ್ತು ವರ್ಷ ಹಿಡಿಯಿತು. ಮರೆತದ್ದಕ್ಕೆ ಕಾಗದದ ಕೊರತೆ ಕಾರಣವಾಗಿರಲಿಲ್ಲ. ಹಾಗಾಗಿ ಯಾವ ಊರಿನಲ್ಲೇ ಆಗಲಿ, ಫಲಕ ಓದಿದ ಮೇಲೆ ಒಂದು ಪ್ರಶ್ನೆ ಕೇಳಲೇಬೇಕು: ಈ ಕೆಲಸ ಮಾಡಿದ ಕೈ ಯಾರದು, ಅವರ ಹೆಸರು ಯಾವ ಕಡತದಲ್ಲಿ ಕಾಯುತ್ತಿದೆ? ಆಶ್‌ವಿಲ್ ತಡವಾಗಿಯಾದರೂ ಆ ಕಡತಗಳನ್ನು ತೆರೆದಿದೆ. ಅದಕ್ಕಾಗಿ ನಾನು ಆ ಊರನ್ನು ಗೌರವಿಸುತ್ತೇನೆ. ಬೆಳ್ಳಿ ಫಲಕಗಳಲ್ಲಿ ಜಾಗ ಐದಾರು ಸಾಲಿನಷ್ಟೇ ಇರಬಹುದು, ಕಂಬ ನೆಡಲು ನೆಲ ಇನ್ನೂ ಬೇಕಾದಷ್ಟಿದೆ.